ಹೊಸ ಬ್ರೇಕ್ ಪ್ಯಾಡ್ ದಪ್ಪ ಅಂತ ಉಜ್ಜಬೇಡಿ, ಪಿಸ್ಟನ್ ತಳ್ಳಿ
ಬೈಕಿನ ಮುಂದಿನ ಡಿಸ್ಕ್‌ಗೆ ಹೊಸ ಪ್ಯಾಡ್ ಹಾಕಿದ ಮೇಲೆ ಕ್ಯಾಲಿಪರ್ (ಪ್ಯಾಡ್‌ಗಳನ್ನು ಹಿಡಿದು ಡಿಸ್ಕ್‌ಗೆ ಒತ್ತುವ ಭಾಗ) ಕೂರುತ್ತಲೇ ಇಲ್ಲ, ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ತೆಳ್ಳಗೆ ಮಾಡಲಾ ಅಂತ ಕೇಳಿದ್ದೀರಲ್ಲ, ದಯವಿಟ್ಟು ಬೇಡ. ಪ್ಯಾಡ್ ಸರಿಯಾಗೇ ಇದೆ. ಹಳೇ ಪ್ಯಾಡ್ ಸವೆದ ಹಾಗೆಲ್ಲ ಕ್ಯಾಲಿಪರ್ ಒಳಗೆ ಪ್ಯಾಡನ್ನು ಒತ್ತುವ ಪಿಸ್ಟನ್ ಮುಂದಕ್ಕೆ ಬಂದು ನಿಂತಿರುತ್ತದೆ, ಅದನ್ನು ಹಿಂದಕ್ಕೆ ತಳ್ಳಬೇಕು ಅಷ್ಟೇ.

ಮೊದಲು ಹ್ಯಾಂಡಲ್ ಮೇಲಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆಯಿರಿ. ಪಿಸ್ಟನ್ ಹಿಂದೆ ಹೋದಾಗ ಆಯಿಲ್ ಮೇಲೆ ಬರುತ್ತದೆ, ತುಂಬಿದ್ದರೆ ಸಿರಿಂಜ್‌ನಲ್ಲಿ ಸ್ವಲ್ಪ ಎಳೆದುಬಿಡಿ. ನಾನು ಒಮ್ಮೆ ಸೋಮಾರಿತನ ಮಾಡಿ ಹಾಗೇ ತಳ್ಳಿದೆ, ಆಯಿಲ್ ಉಕ್ಕಿ ಟ್ಯಾಂಕ್ ಮೇಲೆ ಬಿತ್ತು, ಬೆಳಿಗ್ಗೆ ನೋಡಿದರೆ ಅಂಗೈಯಗಲ ಪೇಂಟ್ ಸುಕ್ಕಾಗಿ ಎದ್ದಿತ್ತು. ಸುತ್ತ ಬಟ್ಟೆ ಸುತ್ತಿ.

ಹೊರಗೆ ಕಾಣುವ ಪಿಸ್ಟನ್ ಮೇಲಿನ ಕೊಳೆಯನ್ನು ಹಳೇ ಟೂತ್‌ಬ್ರಷ್, ಬ್ರೇಕ್ ಕ್ಲೀನರ್ ಹಾಕಿ ತೆಗೆಯಿರಿ. ಪೆಟ್ರೋಲ್ ಬೇಡ, ರಬ್ಬರ್ ಸೀಲ್ ಹಾಳಾಗುತ್ತದೆ. ಆಮೇಲೆ ಹಳೇ ಪ್ಯಾಡನ್ನೇ ಪಿಸ್ಟನ್‌ಗೆ ಆನಿಸಿ ಸಿ-ಕ್ಲ್ಯಾಂಪ್ (ತಿರುಪು ತಿರುಗಿಸಿ ಬಿಗಿ ಮಾಡುವ C ಆಕಾರದ ಉಪಕರಣ) ಹಾಕಿ ನಿಧಾನಕ್ಕೆ ಒತ್ತಿ. ಕ್ಯಾಲಿಪರ್ ಬಿಚ್ಚಿದಾಗ ಮಾತ್ರ ಸುಮ್ನೆ ಕೂಡ ಬ್ರೇಕ್ ಲಿವರ್ ಒತ್ತಬೇಡಿ, ಪಿಸ್ಟನ್ ಹೊರಗೇ ಬಂದುಬಿಡಬಹುದು. ಎಷ್ಟು ಒತ್ತಿದರೂ ಜಗ್ಗದಿದ್ದರೆ ತುಕ್ಕು ಹಿಡಿದಿರಬಹುದು, ಮೆಕ್ಯಾನಿಕ್ ಹತ್ತಿರ ಹೋಗಿ.

ಎಲ್ಲ ಜೋಡಿಸಿ ಬೋಲ್ಟ್ ಬಿಗಿ ಮಾಡಿದ ಮೇಲೆ ಲಿವರ್ ಮೊದಮೊದಲು ಹ್ಯಾಂಡಲ್ ತನಕ ಹೋಗುತ್ತದೆ, ಗಾಬರಿ ಬೇಡ, ಗಟ್ಟಿಯಾಗುವವರೆಗೂ ಒತ್ತುತ್ತಿರಿ. ಅದಾಗುವ ಮುಂಚೆ ಗೇಟ್ ದಾಟಬೇಡಿ. ಆಯಿಲ್ ಕಮ್ಮಿ ಇದ್ದರೆ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬ್ರೇಕ್ ಆಯಿಲ್‌ನ ದರ್ಜೆ ಏನು ಬರೆದಿದೆಯೋ ಅದನ್ನೇ ಹಾಕಿ.