ನೆಟ್ ಇಲ್ಲದ ಲ್ಯಾಬ್‌ನಲ್ಲಿ ಕೋಡಿಂಗ್ ಪಾಠ

ಪ್ರಶ್ನೆ: ನಮ್ಮದು ಹಳ್ಳಿಯ ಪ್ರೌಢಶಾಲೆ. ಲ್ಯಾಬ್‌ನಲ್ಲಿ ಹತ್ತು ಕಂಪ್ಯೂಟರ್ ಇವೆ. ಅರ್ಧದಲ್ಲಿ ವಿಂಡೋಸ್ 7, ಉಳಿದವುಗಳಲ್ಲಿ ವಿಂಡೋಸ್ 10. ನೆಟ್ ಇಲ್ಲವೇ ಇಲ್ಲ. ಎಂಟನೇ ಕ್ಲಾಸಿಗೆ ಸ್ಕ್ರ್ಯಾಚ್, ಒಂಬತ್ತಕ್ಕೆ ಪೈಥಾನ್ ಕಲಿಸಬೇಕು ಅಂತ ಆಸೆ. ಆಗುತ್ತಾ ಸರ್?
– ಶಿಕ್ಷಕಿ, ಸಿಂದಗಿ ತಾಲ್ಲೂಕು

ಉತ್ತರ: ಖಂಡಿತ ಆಗುತ್ತೆ ಮೇಡಂ. ನೆಟ್ ಬರಲಿ ಅಂತ ಕಾಯಬೇಡಿ. ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್, ಕೋಡ್ ಬರೆದು ಮಾಡುವ ಪೈಥಾನ್, ಇವೆರಡಕ್ಕೂ ನೆಟ್ ಬೇಕಾಗುವುದು ಡೌನ್‌ಲೋಡ್ ಮಾಡುವಾಗ ಮಾತ್ರ. ಅದನ್ನು ಮನೆಯಲ್ಲೋ ಪೇಟೆಯಲ್ಲೋ ಮಾಡಿ, ಪೆನ್‌ಡ್ರೈವ್‌ಗೆ ಹಾಕಿಕೊಂಡು ಬನ್ನಿ.

ತೊಡಕಿರುವುದು ವಿಂಡೋಸ್ 7ರಲ್ಲಿ. ಈಗಿನ ಸ್ಕ್ರ್ಯಾಚ್ 3 ಆ್ಯಪ್‌ಗೆ ವಿಂಡೋಸ್ 10 ಬೇಕು. ಹಳೆಯ ಸ್ಕ್ರ್ಯಾಚ್ 1.4 ಆ ಯಂತ್ರಗಳಲ್ಲಿ ಓಡುತ್ತದೆ, ಆದರೆ ಹಳೆಯದರಲ್ಲಿ ಮಾಡಿದ ಪ್ರಾಜೆಕ್ಟನ್ನು ಹೊಸದು ತೆರೆಯುತ್ತದೆ, ಹೊಸದರಲ್ಲಿ ಮಾಡಿದ್ದನ್ನು ಹಳೆಯದು ತೆರೆಯುವುದಿಲ್ಲ, ಹಾಗಾಗಿ ಎರಡನ್ನೂ ಬೆರೆಸಿದರೆ ಮಕ್ಕಳಿಗೆ ಗೊಂದಲವೇ ಜಾಸ್ತಿ. ನನ್ನ ಸಲಹೆ: ಸ್ಕ್ರ್ಯಾಚ್ ಕ್ಲಾಸನ್ನು ವಿಂಡೋಸ್ 10 ಯಂತ್ರಗಳಲ್ಲಷ್ಟೇ ನಡೆಸಿ. ಒಂದಕ್ಕೆ ಇಬ್ಬರೋ ಮೂವರೋ ಕೂರಲಿ. ಒಬ್ಬರು ಮೌಸ್ ಹಿಡಿದಾಗ ಪಕ್ಕದವರು ಹೇಳಿಕೊಡುತ್ತಾರೆ, ಕಲಿಕೆ ಚೆನ್ನಾಗಿಯೇ ಆಗುತ್ತದೆ.

ಪೈಥಾನ್ ಬರೆದು ಓಡಿಸಲು ಥಾನಿ (Thonny) ಹಾಕಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗಾಗಿಯೇ ಶುರುವಾದ ತಂತ್ರಾಂಶ ಇದು, ಉಚಿತ, ಪೈಥಾನ್ ಅದರೊಳಗೇ ಬರುತ್ತದೆ. ಪ್ರೋಗ್ರಾಂ ಒಂದೊಂದೇ ಹೆಜ್ಜೆ ಮುಂದೆ ಹೋಗುವುದನ್ನು, ಪ್ರತಿ ಹೆಜ್ಜೆಗೂ ವೇರಿಯಬಲ್‌ನ (ಬೆಲೆಯೊಂದಕ್ಕೆ ನಾವು ಕೊಟ್ಟ ಹೆಸರು) ಬೆಲೆ ಬದಲಾಗುವುದನ್ನು ಪರದೆ ಮೇಲೇ ತೋರಿಸುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಪಾಠ ಮಾಡುವವರಿಗೆ ಇದಕ್ಕಿಂತ ಇನ್ನೇನು ಬೇಕು? ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಪೈಥಾನ್ 3.8. ಅದನ್ನೇ ಒಳಗೊಂಡ 32 ಬಿಟ್ ಥಾನಿ ಬೇರೆಯಾಗಿ ಸಿಗುತ್ತದೆ, ಅದನ್ನೇ ಹತ್ತಕ್ಕೂ ಹಾಕಿ. ಹೊಸ ಯಂತ್ರಗಳಿಗೆ ಹೊಸದು ಹಾಕೋಣ ಅನ್ನಿಸಬಹುದು, ಬೇಡ. ಎಲ್ಲರ ಪರದೆಯೂ ಒಂದೇ ಥರ ಇದ್ದರೆ ನೀವು ಒಮ್ಮೆ ಹೇಳಿದ್ದು ಎಲ್ಲರಿಗೂ ಸಾಕು.

ಪ್ರಶ್ನೆ: ಕರೆಂಟ್ ಹೋದರೆ ಮಕ್ಕಳ ಸ್ಕ್ರ್ಯಾಚ್ ಕೆಲಸವೆಲ್ಲ ಹೋಗುತ್ತದೆ. ಯುಪಿಎಸ್ ಇಲ್ಲ. ಏನು ಮಾಡುವುದು?
– ಶಿಕ್ಷಕ, ಪಾವಗಡ

ಉತ್ತರ: ಸ್ಕ್ರ್ಯಾಚ್ ಆ್ಯಪ್ ತಾನಾಗಿ ಸೇವ್ ಮಾಡುವುದಿಲ್ಲ ಸರ್. ಫೈಲ್ ಮೆನುಗೆ ಹೋಗಿ ನಾವೇ ಮಾಡಬೇಕು. ಪ್ರಾಜೆಕ್ಟ್ ತೆರೆದ ಕೂಡಲೇ, ಒಂದು ಬ್ಲಾಕ್ ಇಡುವ ಮೊದಲೇ, ಹೆಸರು ಕೊಟ್ಟು ಸೇವ್ ಮಾಡಿಸಿ, ಆಮೇಲೆ ಪ್ರತಿ ಹತ್ತು ನಿಮಿಷಕ್ಕೆ ನೀವೇ ಕೂಗಿ ನೆನಪಿಸಿ. ಇನ್ನೊಂದು ವಿಷಯ, ಸ್ಕ್ರ್ಯಾಚ್‌ಗೆ ಹೆಚ್ಚುವರಿ ಬ್ಲಾಕ್ ಸೇರಿಸುವ ಎಕ್ಸ್‌ಟೆನ್ಷನ್‌ಗಳಲ್ಲಿ ಮಾತಾಡಿಸುವ ಮತ್ತು ಅನುವಾದ ಮಾಡುವವಕ್ಕೆ ನೆಟ್ ಬೇಕೇ ಬೇಕು, ಪಾಠದಲ್ಲಿ ಅವನ್ನು ಸೇರಿಸಬೇಡಿ. ಪೆನ್, ಮ್ಯೂಸಿಕ್ ಎರಡೂ ನೆಟ್ ಇಲ್ಲದೆ ನಡೆಯುತ್ತವೆ.

ಪ್ರಶ್ನೆ: ಪೈಥಾನ್‌ನಲ್ಲಿ ಟರ್ಟಲ್ ಚಿತ್ರ ನಿನ್ನೆವರೆಗೂ ಬರುತ್ತಿತ್ತು. ಇವತ್ತು ಒಂದು ಕಂಪ್ಯೂಟರ್‌ನಲ್ಲಿ ಯಾರ ಪ್ರೋಗ್ರಾಂ ಓಡಿಸಿದರೂ ಎರರ್. ಮತ್ತೆ ಇನ್‌ಸ್ಟಾಲ್ ಮಾಡಬೇಕಾ?
– ಓದುಗರು, ಕುಮಟಾ

ಉತ್ತರ: ಬೇಡ. ಟರ್ಟಲ್ ಅಂದರೆ ಪೈಥಾನ್ ಜೊತೆಗೇ ಬರುವ, ಚಿತ್ರ ಬಿಡಿಸುವ ಸಿದ್ಧ ಫೈಲ್. ಮೊದಲು ಮಕ್ಕಳ ಫೋಲ್ಡರ್ ನೋಡಿ, ಯಾರೋ ತಮ್ಮ ಫೈಲಿಗೆ ಟರ್ಟಲ್ ಅಂತಲೇ ಹೆಸರಿಟ್ಟಿರುತ್ತಾರೆ. ಪೈಥಾನ್ ಮೊದಲು ಹುಡುಕುವುದು ಪ್ರೋಗ್ರಾಂ ಇರುವ ಫೋಲ್ಡರ್‌ನಲ್ಲೇ, ಹಾಗಾಗಿ ನಿಜವಾದ ಟರ್ಟಲ್ ಬದಲು ಆ ಮಗುವಿನ ಫೈಲನ್ನೇ ಎತ್ತಿಕೊಳ್ಳುತ್ತದೆ, ಅದೇ ಫೋಲ್ಡರ್‌ನಲ್ಲಿರುವ ಉಳಿದವರ ಟರ್ಟಲ್ ಪ್ರೋಗ್ರಾಂಗಳೂ ನಿಲ್ಲುತ್ತವೆ. ಹೆಸರು ಬದಲಿಸಿದರೆ ಸರಿಹೋಗುತ್ತದೆ. ಪೈಥಾನ್ ಜೊತೆಗೇ ಬರುವ ಇನ್ನೊಂದು ಫೈಲ್ ರ‍್ಯಾಂಡಮ್, ಆ ಹೆಸರಿಟ್ಟರೂ ಇದೇ ಕಥೆ. ಪ್ರತಿ ಮಗುವಿಗೂ ಬೇರೆ ಫೋಲ್ಡರ್ ಮಾಡಿಕೊಟ್ಟುಬಿಡಿ.