ಮನೆ ಬಿಟ್ಟು ಹೋಗುವ ಹದಿಹರೆಯದವರ ಬಗ್ಗೆ ಪಿಯು ಮಕ್ಕಳಿಂದ ನಾಟಕ ಮಾಡಿಸಬೇಕು. ಬುದ್ಧಿವಾದ ಆಗದ ಹಾಗೆ ಹೇಗೆ?

ತುಮಕೂರಿನಲ್ಲಿ ಕಾಲೇಜು ಮಕ್ಕಳ ಜೊತೆ ಇದೇ ವಿಷಯಕ್ಕೆ ಒಂದು ಚಿಕ್ಕ ನಾಟಕ ಕಟ್ಟಿದ್ದೆವು. ನನ್ನ ಕೇಳಿದರೆ ಬೆಂಗಳೂರನ್ನು ರಂಗದ ಮೇಲೆ ತರಲೇಬೇಡಿ. ಮೆಜೆಸ್ಟಿಕ್ಕು, ರೌಡಿಗಳು, ಫುಟ್‌ಪಾತ್ ಮೇಲೆ ಅಳು ಎಲ್ಲ ಸಿನಿಮಾದಲ್ಲಿ ನೋಡಿ ಸಾಕಾಗಿದೆ, ಹುಡುಗರೂ ಅದನ್ನೇ ನಕಲು ಹೊಡೆಯುತ್ತಾರೆ. ಅವರಿಗೆ ಚೆನ್ನಾಗಿ ಗೊತ್ತಿರುವುದು ಮನೆ.

ಮಾತು ಬರೆಯುವ ಮೊದಲು ಎಲ್ಲರ ಕೈಗೂ ಖಾಲಿ ಬ್ಯಾಗ್ ಕೊಟ್ಟು, "ಈಗಲೇ ಹೊರಡಬೇಕು, ತುಂಬ್ಕೊಳ್ಳಿ" ಅಂದೆವು. ಹೆಚ್ಚಿನವರು ಬಟ್ಟೆ, ಚಾರ್ಜರ್ ತುರುಕಿದರು. ಒಬ್ಬಳು ಮಾತ್ರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಮಡಿಕೆ ಬೀಳದಂತೆ ಎರಡು ನೋಟ್‌ಬುಕ್ ನಡುವೆ ಇಟ್ಟು ಜಿಪ್ ಎಳೆದಳು. ಯಾಕೆ ಮನೆ ಬಿಡ್ತಿದ್ದಾಳೆ ಅಂತ ಬಾಯಿಬಿಟ್ಟು ಹೇಳುವ ಅಗತ್ಯವೇ ಬರಲಿಲ್ಲ. ಮೊದಲ ದೃಶ್ಯ ಅದೇ ಆಯಿತು.

ಗಡುವು ಇದ್ದರೆ ಕಥೆಗೆ ಬಿಗಿ ಬರುತ್ತದೆ. ಅದನ್ನು ಕಾನೂನೇ ಕೊಟ್ಟಿದೆ: 2015ರ ಬಾಲನ್ಯಾಯ ಕಾಯ್ದೆ ಪ್ರಕಾರ, ಹೀಗೆ ಮನೆ ಬಿಟ್ಟು ಬಂದು ಸಿಕ್ಕ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಪ್ಲಾಟ್‌ಫಾರ್ಮಿನಲ್ಲಿ ಆರ್‌ಪಿಎಫ್‌ನವರು (ರೈಲ್ವೆ ರಕ್ಷಣಾ ಪಡೆ) ಹುಡುಗಿಯನ್ನು ಮಾತಾಡಿಸುವಲ್ಲಿಂದ ಸಮಿತಿಯ ಮೇಜಿನವರೆಗೆ, ನಾಟಕ ಅಷ್ಟೇ. ಸಮಿತಿಯಲ್ಲಿ ಅಧ್ಯಕ್ಷರೂ ಸೇರಿ ಐದು ಜನ. ದಯವಿಟ್ಟು ಅವರಿಗೆ ಕರಿಕೋಟು ಹಾಕಿಸಬೇಡಿ. "ಮನೆಗೆ ಹೋಗ್ತೀಯೇನಮ್ಮಾ?" ಅಂದಾಗ ಅವಳು ತಟ್ಟನೆ ಹೂಂ ಅಂದರೆ ಬುದ್ಧಿವಾದ ಅಲ್ಲೇ ನುಸುಳಿತು ಅಂತ ತಿಳಿಯಿರಿ. ನಮ್ಮ ಹುಡುಗಿ ತಾಲೀಮಿನಲ್ಲಿ, "ಹೋದ್ರೆ ಕಾಲೇಜಿಗೆ ಕಳಿಸ್ತಾರಾ? ಅವ್ರನ್ನೇ ಕೇಳಿ ಹೇಳಿ ಮೇಡಂ" ಅಂದಳು. ಅಂಥ ಮಾತನ್ನು ನಾನು ಕೂತು ಬರೆಯಲಾರೆ.

ನಡೆದ ಘಟನೆಯನ್ನೇ ಎತ್ತಿಕೊಳ್ಳುವುದಾದರೆ ಹುಷಾರು. ಆ ಮಗುವಿನ ಹೆಸರು, ವಿಳಾಸ, ಶಾಲೆ ಹೊರಬಿದ್ದರೆ ಅದೇ ಕಾಯ್ದೆಯ 74ನೇ ಸೆಕ್ಷನ್ ಇದೆ: 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಸೆಟ್ಟಿಗೆ ದುಡ್ಡು ಸುರಿಯಬೇಡಿ. ರಂಗಕ್ಕೆ ಜೀವಂತ ಆನೆ ಹತ್ತಿಸಿದ ಗುಬ್ಬಿ ವೀರಣ್ಣನವರ ಜಿಲ್ಲೆ ನಮ್ಮದು, ನಿಜ. ಇದಕ್ಕೆ ಒಂದು ಬೆಂಚು, ಒಂದು ಬ್ಯಾಗು ಸಾಕು. ಕರಪತ್ರದಲ್ಲಿ 1098 ಮಕ್ಕಳ ಸಹಾಯವಾಣಿಯನ್ನು ದಪ್ಪಕ್ಷರದಲ್ಲಿ ಹಾಕಿಸಿ. ಒಬ್ಬ ಆಪ್ತಸಮಾಲೋಚಕರನ್ನೂ ಕರೆಸಿ. ನಮ್ಮಲ್ಲಿ ನಾಟಕ ಮುಗಿದ ಮೇಲೆ ಮಾತಾಡಲು ನಿಂತವರಲ್ಲಿ ಮಕ್ಕಳಿಗಿಂತ ಅಪ್ಪ-ಅಮ್ಮಂದಿರೇ ಜಾಸ್ತಿ, ವಾಚ್‌ಮನ್ ಬಂದು ಲೈಟ್ ಆರಿಸೋಕೆ ಶುರು ಮಾಡಿದ್ದ. ಹಾಲ್ ಬುಕ್ ಮಾಡುವಾಗಲೇ ಒಂದು ಗಂಟೆ ಜಾಸ್ತಿ ತಗೊಂಡುಬಿಡಿ.