ಬಡ ದೇಶದ ಸಂಸ್ಥೆಯೇ ನೆರವು ಕೊಡುವ ಸ್ಥಾನಕ್ಕೆ ಬರಬಹುದೇ?

2025ರಲ್ಲಿ ಅಮೆರಿಕ ಸರ್ಕಾರದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್ ಬಾಗಿಲು ಹಾಕಿದ ಮೇಲೆ, ವಿದೇಶಿ ಹಣವಿಲ್ಲದೆ ಸ್ವಯಂಸೇವಾ ಸಂಸ್ಥೆಗಳಿಗೆ ಉಳಿಗಾಲವಿದೆಯೇ, ಬಡ ದೇಶದ ಸಂಸ್ಥೆಯೇ ಬೇರೆಯವರಿಗೆ ನೆರವಾದದ್ದುಂಟೇ ಎಂದು ಕೇಳಿದ್ದೀರಿ. ಉಂಟು. ಬಾಂಗ್ಲಾದೇಶದ ಸ್ವಯಂಸೇವಾ ಸಂಸ್ಥೆ ಬ್ರ್ಯಾಕ್ ನೋಡಿ.

1972ರಲ್ಲಿ ಅದರ ಸ್ಥಾಪಕ ಫಜ್ಲೆ ಹಸನ್ ಅಬೆದ್ ಲಂಡನ್ನಿನ ತಮ್ಮ ಫ್ಲ್ಯಾಟ್ ಮಾರಿದ ದುಡ್ಡಿನಲ್ಲಿ ನಿರಾಶ್ರಿತರ ಪುನರ್ವಸತಿ ಶುರುಮಾಡಿದರು. ಆಮೇಲೆ ವಿದೇಶಿ ದೇಣಿಗೆ ಧಾರಾಳವಾಗಿಯೇ ಬಂತು. ನನಗೆ ಮುಖ್ಯವೆನಿಸುವುದು ಆ ಹಣವನ್ನು ಖರ್ಚು ಮಾಡಿದ ರೀತಿ. 1980ರಿಂದ ಹತ್ತು ವರ್ಷ ಅವರ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಭೇದಿಯಾದ ಮಗುವಿಗೆ ಅರ್ಧ ಲೀಟರ್‌ನಷ್ಟು ನೀರು, ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ಕಲಸಿ ಕೊಡುವುದನ್ನು ತಾಯಂದಿರಿಗೆ ಕಲಿಸಿದರು. 1.2 ಕೋಟಿಗೂ ಹೆಚ್ಚು ಮನೆಗಳು! ಕಾರ್ಯಕರ್ತೆಯರಿಗೆ ಸಂಬಳ ಎಷ್ಟು ಮನೆಗೆ ಹೋದರು ಎಂಬ ಲೆಕ್ಕದ ಮೇಲಲ್ಲ. ಆಮೇಲೆ ಬೇರೆಯವರು ಬಂದು ವಿಚಾರಿಸಿದಾಗ ತಾಯಿಗೆ ಎಷ್ಟು ನೆನಪಿದೆ ಎಂಬುದರ ಮೇಲೆ. (ನಮ್ಮ ಎಷ್ಟೋ ತರಬೇತಿ ಶಿಬಿರಗಳಲ್ಲಿ ಹಾಜರಿ ಪುಸ್ತಕ ತುಂಬಿದರೆ ಮುಗಿಯಿತು.)

ಜತೆಗೆ ಸ್ವಂತ ಆದಾಯವನ್ನೂ ಕಟ್ಟಿಕೊಂಡರು: ಆರೊಂಗ್ ಎಂಬ ಕರಕುಶಲ ಮಳಿಗೆಗಳು, ಬಡವರಿಗೆ ಬಡ್ಡಿಗೆ ಕೊಡುವ ಸಣ್ಣ ಸಾಲ, ಆಮೇಲೆ ಬ್ಯಾಂಕು. 2002ರಲ್ಲಿ ನೆರವಿನ ಕೆಲಸ ಹೊತ್ತು ಅಫ್ಘಾನಿಸ್ತಾನಕ್ಕೆ, ಮುಂದೆ ಆಫ್ರಿಕಕ್ಕೂ ಕಾಲಿಟ್ಟರು.

ಹಾಗಂತ ಎಲ್ಲರಿಗೂ ಇದು ಸಾಧ್ಯವಿಲ್ಲ. ಸಣ್ಣ ಸಾಲದ ಬಡ್ಡಿಯ ಬಗ್ಗೆ ತಕರಾರುಗಳಿವೆ. ಮಾನವ ಹಕ್ಕು, ಕಾನೂನು ನೆರವಿನಂಥ ಕೆಲಸ ಮಾಡುವವರು ಮಾರುವುದಾದರೂ ಏನನ್ನು? ಅಂಥವರಿಗೆ ದೇಣಿಗೆಯೇ ಗತಿ.